ಹಾಸ್ಟೆಲ್, ಪೀಜಿ, ಬಾಡಿಗೆ ಮನೆ: ಕಲಬುರಗಿಯಲ್ಲಿ ಮೂರನ್ನೂ ಬಿಟ್ಟು ಬಂದವಳ ಲೆಕ್ಕ

ಜೇವರ್ಗಿಯಲ್ಲಿರುವ ನಮ್ಮ ದೊಡ್ಡಕ್ಕನ ಮಗಳಿಗೆ ಈ ವರ್ಷ ಕಲಬುರಗಿಯಲ್ಲಿ ಡಿಗ್ರಿ ಸೀಟು ಸಿಕ್ಕಿದೆ. "ಸಣ್ಣವ್ವಾ, ಹಾಸ್ಟೆಲ್ ಚಲೋನೋ, ಪೀಜಿ ಚಲೋನೋ?" ಎಂದು ಫೋನಿನಲ್ಲಿ ಕೇಳಿದಳು. ತಿಂಗಳಿಗೆ ಎಲ್ಲೆಲ್ಲಿ ಎಷ್ಟು ಎಂದು ಆಗಲೇ ವಿಚಾರಿಸಿಟ್ಟಿದ್ದಳು. ನಾನು ಬೇರೆ ಮಾತು ಕೇಳಿದೆ. "ನಡುವೆ ಬಿಡೋದಾದ್ರ ಎಷ್ಟು ವಾಪಸ್ ಕೊಡ್ತಾರ, ಕೇಳಿದ್ಯಾ?" ಕೇಳಿರಲಿಲ್ಲ. ಕಲಬುರಗಿಗೆ ಬಂದಾಗ ನಾನೂ ಕೇಳಿರಲಿಲ್ಲ.

ನಾನು ಶಹಾಪುರ ತಾಲ್ಲೂಕಿನವಳು. 2023ರ ಕೊನೆಗೆ ಎಂ.ಎಸ್ಸಿ. ಓದಲು ಕಲಬುರಗಿಗೆ ಬಂದೆ. ಮೊದಲು ಹಾಸ್ಟೆಲ್, ಆಮೇಲೆ ಪೀಜಿ, ಕೊನೆಗೆ ಗೆಳತಿಯರ ಜೊತೆ ಬಾಡಿಗೆ ಮನೆ. ಮೂರನ್ನೂ ಅಲ್ಲಿನವರು ಅಂದುಕೊಂಡ ದಿನಕ್ಕಿಂತ ಮುಂಚೆಯೇ ಬಿಟ್ಟೆ. ಯಾರ ಹೆಸರನ್ನೂ ಹೇಳುವುದಿಲ್ಲ. ಲೆಕ್ಕ ಮಾತ್ರ ಪೂರ್ತಿ ಹೇಳುತ್ತೇನೆ.

ಹಾಸ್ಟೆಲ್

ಸೇರುವಾಗ ಕಟ್ಟಿದ್ದು ಇಷ್ಟು. ವರ್ಷದ ರೂಮ್ ಶುಲ್ಕ 8,000, ಬಿಡುವಾಗ ಮರಳಿ ಕೊಡುವ ಕಾಶನ್ ಡಿಪಾಸಿಟ್ 3,000, ಮೆಸ್ ಅಡ್ವಾನ್ಸ್ 4,000. ಊಟಕ್ಕೆ ಡಿವೈಡಿಂಗ್ ಪದ್ಧತಿ. ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಉಂಡವರಿಗೆ ಹಂಚುತ್ತಾರೆ. ನನಗೆ ತಿಂಗಳಿಗೆ 2,400ರ ಹತ್ತಿರ ಬರುತ್ತಿತ್ತು. ಬಿಸಿ ರೊಟ್ಟಿ, ಪಲ್ಯ, ಬೇಳೆ, ಅನ್ನ. ಊಟದ ಬಗ್ಗೆ ನನ್ನದು ದೂರಿಲ್ಲ. ಜೊತೆಗೆ ಓದುವವರು ಪಕ್ಕದ ರೂಮಿನಲ್ಲೇ ಇದ್ದರು. ಹೊಸ ಊರಿನಲ್ಲಿ ಅದು ಎಷ್ಟು ದೊಡ್ಡ ಧೈರ್ಯ ಅಂತ ಬಿಟ್ಟ ಮೇಲೆ ಗೊತ್ತಾಯಿತು.

ಬಿಡಬೇಕಾಗಿ ಬಂದದ್ದು ಗೇಟಿನಿಂದ. ನಮ್ಮ ಲ್ಯಾಬ್ ಮುಗಿಯುವುದು ಸಂಜೆ ಏಳಕ್ಕೆ, ಗೇಟು ಹಾಕುವುದೂ ಏಳಕ್ಕೆ. ದಿನಾ ಓಡಿ ಬರಬೇಕು, ಇಲ್ಲವೇ ಪತ್ರ ತರಬೇಕು. ಹುಡುಗರ ಹಾಸ್ಟೆಲಿಗೆ ಆ ಕಟ್ಟು ಇರಲಿಲ್ಲ. ಮೂರು ತಿಂಗಳು ಸಹಿಸಿದೆ. ಒಂದು ಪ್ರಯೋಗ ಅರ್ಧಕ್ಕೆ ನಿಲ್ಲಿಸಿ ಬಂದ ದಿನ ಅಪ್ಪನಿಗೆ ಫೋನ್ ಮಾಡಿ ಅತ್ತೆ. ನಾಲ್ಕನೇ ತಿಂಗಳಿಗೆ ಬಿಟ್ಟೆ.

ಹಾಸ್ಟೆಲಿನಲ್ಲಿ ಅಗ್ರಿಮೆಂಟ್ ಅಂತ ಕೊಡುವುದಿಲ್ಲ. ಆದರೆ ಅರ್ಜಿಯ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರುವ ನಿಯಮಗಳೇ ಅಗ್ರಿಮೆಂಟು. ಅಪ್ಪ ಅದಕ್ಕೆ ಸಹಿ ಹಾಕಿದ್ದರು. "ಒಮ್ಮೆ ಕಟ್ಟಿದ ರೂಮ್ ಶುಲ್ಕ ಮರಳಿಸುವುದಿಲ್ಲ" ಎಂದು ಅದರಲ್ಲೇ ಇತ್ತು. ಆ 8,000ದ ಆಸೆ ಅಲ್ಲಿಗೇ ಮುಗಿಯಿತು.

ಮೆಸ್ಸಿನದು ಬೇರೆಯೇ ಕಥೆ. ನಾನು ಗಂಟುಮೂಟೆ ಕಟ್ಟಿಕೊಂಡು ಹೋದ ದಿನ ಬಿಟ್ಟ ಹಾಗೆ ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಬಿಡುವ ಅರ್ಜಿ ಕೊಟ್ಟು, ಕೀಲಿ ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಬಿದ್ದ ದಿನವೇ ಬಿಟ್ಟ ದಿನ. ಕೀಲಿ ನನ್ನ ಬ್ಯಾಗಿನಲ್ಲೇ ಉಳಿದಿತ್ತು. 23 ದಿನ ಉಣ್ಣದ ಊಟಕ್ಕೆ ನನ್ನ ಪಾಲು ಬಿತ್ತು. ಮೆಸ್ ಕಟ್, ಅಂದರೆ ಉಣ್ಣದ ದಿನಗಳ ದುಡ್ಡು ಬಿಡುವುದು, ಮುಂಚಿತವಾಗಿ ಬರೆದು ಕೊಟ್ಟರಷ್ಟೇ ಸಿಗುತ್ತದೆ. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ.

ಕಾಶನ್ ಡಿಪಾಸಿಟ್ ಪೂರ್ತಿ ಬಂತು, ಆದರೆ ಐದು ತಿಂಗಳ ಮೇಲೆ. ಮೆಸ್ಸಿನದು, ಲೈಬ್ರರಿಯದು, ವಿಭಾಗದ್ದು ಎಂದು ನೋ ಡ್ಯೂ, ಅಂದರೆ ಬಾಕಿ ಏನೂ ಇಲ್ಲ ಎಂಬ ಸಹಿ ಮಾಡಿಸಬೇಕು. ಮೂಲ ರಸೀದಿ ಬೇಕೇ ಬೇಕು. ಅವ್ವ ಆ ರಸೀದಿಯನ್ನು ದೇವರ ಜಗಲಿಯ ಕೆಳಗೆ ಇಟ್ಟಿದ್ದಳು, ಪುಣ್ಯ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಬಹಳ ಜನ ಕಲಸಿಬಿಡುತ್ತಾರೆ. ಶುಲ್ಕ ಮರಳಿಸುವ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ನಿಯಮ ಮಾಡಿದೆ. ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80, 30 ದಿನದೊಳಗೆ ಬಿಟ್ಟರೆ ಶೇ. 50, ಆಮೇಲೆ ಇಲ್ಲ. ಇದು ಕೋರ್ಸನ್ನೇ ಬಿಡುವವರಿಗೆ. ಓದುತ್ತಲೇ ಇದ್ದು ಹಾಸ್ಟೆಲ್ ಮಾತ್ರ ಬಿಟ್ಟರೆ ಈ ಲೆಕ್ಕ ಹಿಡಿದು ಜಗಳ ಮಾಡಲು ಆಗುವುದಿಲ್ಲ. ಆದರೆ ಅದೇ ನಿಯಮದಲ್ಲಿ ಕಾಶನ್ ಮನಿ ಶುಲ್ಕದ ಭಾಗವೇ ಅಲ್ಲ, ಅದನ್ನು ಪೂರ್ತಿ ಮರಳಿಸಬೇಕು ಎಂದಿದೆ. ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಳ್ಳುವ ಹಾಗೂ ಇಲ್ಲ. ನಾನು ಮೂರನೇ ಸಲ ಆಫೀಸಿಗೆ ಹೋದಾಗ ಕಾಶನ್ ಮನಿಯ ಮಾತನ್ನು ಅರ್ಜಿಯಲ್ಲಿ ಬರೆದುಕೊಟ್ಟೆ. ಆಮೇಲೆ ಕೆಲಸ ಸ್ವಲ್ಪ ಚುರುಕಾಯಿತು.

ಈಗ ಲೆಕ್ಕ ನೋಡಿ. ಹತ್ತು ತಿಂಗಳು ಇದ್ದಿದ್ದರೆ ಊಟ ಸೇರಿ ತಿಂಗಳಿಗೆ 3,200 ಬೀಳುತ್ತಿತ್ತು. ನಾಲ್ಕೇ ತಿಂಗಳು ಇದ್ದದ್ದಕ್ಕೆ 4,400 ಬಿತ್ತು. ಹಾಸ್ಟೆಲ್ ಅಗ್ಗ ಅನ್ನುವುದು ವರ್ಷ ಪೂರ್ತಿ ಇರುವವರಿಗೆ ಮಾತ್ರ ನಿಜ.

ಬಿಸಿಎಂ, ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿನ ಲೆಕ್ಕವೇ ಬೇರೆ. ನನ್ನ ತಮ್ಮ ಅಲ್ಲಿದ್ದಾನೆ. ಊಟ, ವಸತಿ ಎರಡೂ ಸರ್ಕಾರದ್ದು. ದುಡ್ಡೇ ಕಟ್ಟಿಲ್ಲ ಅಂದ ಮೇಲೆ ಕಳೆದುಕೊಳ್ಳುವ ಪ್ರಶ್ನೆ ಇಲ್ಲ. ಆ ಸೀಟು ಸಿಕ್ಕರೆ ಬೇರೆ ಯಾವುದನ್ನೂ ನೋಡಬೇಡಿ. ಸಿಗದಿದ್ದರೆ ಹಿಂದುಳಿದ ವರ್ಗದವರು ವಿದ್ಯಾಸಿರಿಗೆ ಅರ್ಜಿ ಹಾಕಬಹುದು. ನಾನು ಓದುವಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಬಾಡಿಗೆ ಮನೆಯ ನನ್ನ ಪಾಲಿನ ಅರ್ಧಕ್ಕಿಂತ ಹೆಚ್ಚು ಅದರಲ್ಲೇ ನೀಗುತ್ತಿತ್ತು.

ನಡುವೆ ಮೂರು ವಾರ ಅಪ್-ಡೌನ್

ಹಾಸ್ಟೆಲ್ ಬಿಟ್ಟು ಪೀಜಿ ಸಿಗುವ ತನಕ ದೊಡ್ಡಕ್ಕನ ಮನೆಯಿಂದ ಓಡಾಡಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚು ಸೊನ್ನೆ. ಆದರೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಟ್ಟಿಸಂಗಾವಿ ಸೇತುವೆ ದಾಟುವ ಹೊತ್ತಿಗೆ ಬೆವರಿಗೆ ದಾವಣಿ ಮೈಗೆ ಅಂಟಿರುತ್ತಿತ್ತು. ಸಂಜೆ ಮನೆಗೆ ಬಂದರೆ ಪುಸ್ತಕ ಹಿಡಿಯುವ ಶಕ್ತಿ ಇರುತ್ತಿರಲಿಲ್ಲ. ಬಿಡಲು ನೋಟಿಸು ಬೇಡ, ಡಿಪಾಸಿಟ್ ಬೇಡ, ಅದೊಂದು ನೆಮ್ಮದಿ. ಹತ್ತು ಗಂಟೆಯ ಕ್ಲಾಸಿನವರಿಗೆ ನಡೆಯುತ್ತದೆ, ಲ್ಯಾಬ್ ಇದ್ದವರಿಗೆ ಕಷ್ಟ.

ಪೀಜಿ

2024ರ ಏಪ್ರಿಲ್ ನಡುವೆ ಸೇರಿದೆ. ಮೂವರಿಗೆ ಒಂದು ರೂಮು, ಊಟ ಸೇರಿ ತಿಂಗಳಿಗೆ 5,200, ಅಡ್ವಾನ್ಸ್ 5,000. ಸೇರುವುದು ಬಹಳ ಸುಲಭ. ಬೆಳಿಗ್ಗೆ ನೋಡಿದೆ, ಸಂಜೆ ಹಾಸಿಗೆ ಹಾಕಿದೆ. ಯಾವ ಕಾಗದವೂ ಇಲ್ಲ. ಆ ಸುಲಭವೇ ಆಮೇಲೆ ಕಾಡಿತು.

ರೂಮು ಮೂರನೇ ಮಹಡಿಯಲ್ಲಿತ್ತು, ಮೇಲೆ ಬರೀ ಸ್ಲ್ಯಾಬು. ಕಲಬುರಗಿಯ ಮೇ ತಿಂಗಳು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಎರಡಕ್ಕೂ ಗೋಡೆ ಮುಟ್ಟಿದರೆ ಬಿಸಿ. ಟ್ಯಾಂಕರ್ ಬಾರದ ದಿನ ತಲಾ ಎರಡು ಬಕೆಟ್ ನೀರು. ಊಟ ಬರಬರುತ್ತಾ ಕೆಟ್ಟಿತು. ಅವ್ವ ಬಸ್ಸಿನಲ್ಲಿ ರೊಟ್ಟಿಗಂಟು, ಶೇಂಗಾ ಹಿಂಡಿ ಕಳಿಸುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಅಣ್ಣನ ಹತ್ತಿರ ಇಸಿದುಕೊಂಡು ಬರುತ್ತಿದ್ದೆ. ವಾರದಲ್ಲಿ ನಾಲ್ಕು ದಿನ ಊಟ ಅದೇ. ಪೀಜಿಗೆ ಕೊಟ್ಟ ದುಡ್ಡು ಹಾಗೇ ಹೋಗುತ್ತಿತ್ತು.

ಜುಲೈ ಕೊನೆಗೆ ಮಾಲೀಕರು "ಜಿಎಸ್‌ಟಿ ಬಂದದ, ಇನ್ನಷ್ಟು ಕೊಡಬೇಕಾಗ್ತದ" ಎಂದರು. ನಿಜ ಏನೆಂದರೆ ಅದೇ ತಿಂಗಳು ವಿನಾಯಿತಿ ಬಂದಿತ್ತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿ, ಸತತ 90 ದಿನ ಇರುವವರಿಗೆ ತೆರಿಗೆ ಇಲ್ಲ. ನಾನು ಬಂದು ಆಗಲೇ 90 ದಿನ ದಾಟಿತ್ತು. ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ ಎಂದು ಕೇಳಿದೆ. ಆ ಮಾತು ಮತ್ತೆ ಬರಲಿಲ್ಲ.

ಆಗಸ್ಟ್ 8ಕ್ಕೆ, ಇನ್ನೊಂದು ತಿಂಗಳಿಗೆ ಬಿಡುತ್ತೇನೆ ಎಂದು ಬಾಯಲ್ಲಿ ಹೇಳಿದೆ. "ನೋಟಿಸ್ ಒಂದನೇ ತಾರೀಖಿನಿಂದ ಲೆಕ್ಕಾರೀ" ಎಂದರು. ಅಂದರೆ ಸೆಪ್ಟೆಂಬರ್ ಪೂರ್ತಿ ಕೊಡಬೇಕು. ಸೇರುವಾಗ ಈ ಮಾತು ಇರಲಿಲ್ಲ. ಆದರೆ ಇರಲಿಲ್ಲ ಎಂದು ತೋರಿಸಲು ನನ್ನ ಹತ್ತಿರ ಏನಿತ್ತು? ಕೊಟ್ಟೆ, ಸೆಪ್ಟೆಂಬರ್ 12ಕ್ಕೆ ಹೊರಟೆ. ಅಡ್ವಾನ್ಸಿನಲ್ಲಿ 1,500 ಮೆಂಟೆನೆನ್ಸ್ ಎಂದು ಹಿಡಿದುಕೊಂಡರು. ಫೋನ್‌ಪೇಯಲ್ಲಿ ಕಳಿಸುವಾಗ "ಅಡ್ವಾನ್ಸ್, ವಾಪಸ್ ಬರುವಂಥದ್ದು" ಎಂದು ಬರೆದಿದ್ದೆ, ಅದೊಂದೇ ಸಾಕ್ಷಿ. ಅದರ ಫೋಟೋ ಹಾಕಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಎಂದು ವಾಟ್ಸಾಪ್ ಮಾಡಿದೆ. ಎರಡು ದಿನಕ್ಕೆ ಸಾವಿರ ಬಂತು. ಉಳಿದ 500 ಬಿಟ್ಟುಕೊಟ್ಟೆ. ಪರೀಕ್ಷೆ ಹತ್ತಿರ ಇತ್ತು.

ಐದು ತಿಂಗಳಿಗೆ ಒಟ್ಟು 29,100. ತಿಂಗಳಿಗೆ 5,800 ದಾಟಿತು. ಮೂರರಲ್ಲಿ ಇದೇ ತುಟ್ಟಿ. ಪರೀಕ್ಷೆ ಬರೆಯಲು, ಕೋಚಿಂಗಿಗೆ ಎಂದು ಎರಡು ಮೂರು ತಿಂಗಳು ಬರುವವರಿಗೆ ಸರಿ. ವರ್ಷ ಓದುವವರಿಗೆ ನಾನು ಹೇಳುವುದಿಲ್ಲ.

ಬಾಡಿಗೆ ಮನೆ

ಹುಡುಕುವುದೇ ಕಷ್ಟದ ಕೆಲಸ. ಮೂವರು ಹುಡುಗಿಯರು ಅಂದ ಕೂಡಲೇ ನೂರು ಪ್ರಶ್ನೆ. ಆರು ಮನೆಯಲ್ಲಿ ಮೊದಲು ಜಾತಿ ಕೇಳಿದರು. ಅದು ಮನಸ್ಸಿಗೆ ಬಹಳ ನೋವಾಯಿತು. ಏಳನೆಯದು ಬ್ರಹ್ಮಪುರದ ಒಂದು ಹಳೆ ಮನೆ. ಕೆಳಗೆ ಮಾಲೀಕರಾದ ಕಾಕು, ಹಿಂದುಗಡೆ ಎರಡು ಕೋಣೆ ನಮಗೆ. ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲ. ಮಧ್ಯಾಹ್ನ ನೀರು ಹೊಡೆದು ಚಾಪೆ ಹಾಸಿದರೆ ಮೇ ತಿಂಗಳಲ್ಲೂ ಓದಲು ಆಗುತ್ತಿತ್ತು. ಬಾಡಿಗೆ 7,500, ತಲಾ 2,500. ಲೈಟು, ಗ್ಯಾಸು, ದಿನಸಿ ಸೇರಿ ಇನ್ನೊಂದು 2,000. ಅಡ್ವಾನ್ಸ್ 30,000, ತಲಾ 10,000.

ಹನ್ನೊಂದು ತಿಂಗಳ ಅಗ್ರಿಮೆಂಟ್ ಆಯಿತು. ಹನ್ನೊಂದೇ ಯಾಕೆ ಅಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಯಾರಿಗೂ ಬೇಡ.

ತಪ್ಪು ಆದದ್ದು ಹೆಸರಿನಲ್ಲಿ. ಬೀದರಿನ ಗೆಳತಿಯ ಅಪ್ಪ ಕಾಕುಗೆ ಪರಿಚಯ. ಅದಕ್ಕೆ ಅಗ್ರಿಮೆಂಟ್ ಅವಳೊಬ್ಬಳ ಹೆಸರಿನಲ್ಲೇ ಆಯಿತು. ನಾವಿಬ್ಬರೂ ನಮ್ಮ ಪಾಲನ್ನು ಅವಳ ಖಾತೆಗೆ ಹಾಕಿದೆವು. ಐದನೇ ತಿಂಗಳಿಗೆ ಅವಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಎಲ್ಲರೂ ಸೇರಿ ಪೇಢೆ ತಿಂದೆವು. ಮರುದಿನ ಕಾಕುನ ಅಳಿಯ ಬಂದರು. "ಅಗ್ರಿಮೆಂಟ್ ಅವರ ಹೆಸರಿಗದ. ಅವರು ಹೋದ್ರ ಅಡ್ವಾನ್ಸ್ ಅವರಿಗೇ ಕೊಡ್ತೀವಿ, ನೀವು ಹೊಸದಾಗಿ ಕೊಡ್ರಿ" ಎಂದರು. ಕಾಗದದ ಪ್ರಕಾರ ಅವರ ಮಾತು ಸರಿ. ಗೆಳತಿ ಒಳ್ಳೆಯವಳು, ಬೀದರಿನಿಂದ ಮತ್ತೆ ಬಂದಳು. ಅದೇ ಅಗ್ರಿಮೆಂಟಿನ ಹಿಂದೆ ಯಾರದು ಎಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿದೆವು, ಕಾಕು ಕೂಡ. ಎರಡು ತಿಂಗಳು ನಾವಿಬ್ಬರೇ 3,750ರಂತೆ ಕೊಟ್ಟೆವು. ಆಮೇಲೆ ಸೇಡಂ ಕಡೆಯ ಒಬ್ಬಳು ಬಂದಳು, 10,000 ನೇರ ಬೀದರಿಗೆ ಕಳಿಸಿದಳು. ಗೆಳತಿ ಹಾಗಿರದಿದ್ದರೆ? ಆ ಯೋಚನೆಗೆ ಈಗಲೂ ಹೊಟ್ಟೆಯಲ್ಲಿ ಕಲಕಿದ ಹಾಗಾಗುತ್ತದೆ.

2025ರ ಆಗಸ್ಟಿಗೆ ಹನ್ನೊಂದು ತಿಂಗಳು ಮುಗಿಯಿತು. ಹೊಸದು ಮಾಡಲಿಲ್ಲ, ಬಾಡಿಗೆ ಕೊಡುತ್ತಾ ಹೋದೆವು. ಅಕ್ಟೋಬರಿನಲ್ಲಿ, ಕೋರ್ಸ್ ಮುಗಿಯಿತು, ನವೆಂಬರ್ ಕೊನೆಗೆ ಬಿಡುತ್ತೇವೆ ಎಂದು ಬರೆದುಕೊಟ್ಟೆವು. ಅಳಿಯ ಮತ್ತೆ ಬಂದರು. ಒಳಗೇ ಇದ್ದೀರಿ ಅಂದರೆ ಇನ್ನೊಂದು ಹನ್ನೊಂದು ತಿಂಗಳು ಒಪ್ಪಿದ ಹಾಗೆ ಎಂದರು. ಹಾಗಲ್ಲ. ಅವಧಿ ಮುಗಿದ ಮೇಲೂ ಬಾಡಿಗೆ ಇಸಿದುಕೊಂಡು ಇರಗೊಟ್ಟರೆ, ವಾಸದ ಮನೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ. ಬೇರೆ ಕರಾರು ಇಲ್ಲದಿದ್ದರೆ 15 ದಿನದ ನೋಟಿಸ್ ಸಾಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106 ಮತ್ತು 116ನೇ ಕಲಮಿನಲ್ಲಿ ಇದೆ. ಗೆಳತಿಯ ಕಾಕಾ ವಕೀಲರು, ಅವರು ಫೋನಿನಲ್ಲಿ ಇಷ್ಟು ಹೇಳಿದರು, ನಾವು ಕಾಕುಗೆ ಹೇಳಿದೆವು. ಜಗಳ ಆಗಲಿಲ್ಲ. "ಹೋಗೋ ಹುಡುಗ್ಯಾರನ್ನ ಕಟ್ಟಿ ಇಡ್ಲಿಕ್ಕಾಗ್ತದೇನು" ಎಂದು ಕಾಕುನೇ ಅಳಿಯನಿಗೆ ಅಂದರು.

ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಎಂದಿದ್ದರು. ಸೇರಿದ ದಿನವೇ ಗೋಡೆಗಳ ವಿಡಿಯೋ ತೆಗೆದಿದ್ದೆ, ಪೀಜಿ ಕಲಿಸಿದ ಪಾಠ. ಅದನ್ನು ತೋರಿಸಿದ ಮೇಲೆ 4,000ಕ್ಕೆ ಒಪ್ಪಿದರು. ಉಳಿದದ್ದು ಅದೇ ದಿನ ಕೈಗೆ ಬಂತು. ಎಲ್ಲ ಸೇರಿ ನನಗೆ ತಿಂಗಳಿಗೆ 4,800ರ ಹತ್ತಿರ ಬಿತ್ತು.

ನಾಲ್ಕೇ ತಿಂಗಳ ಹಾಸ್ಟೆಲಿಗಿಂತಲೂ ಇದು ಸ್ವಲ್ಪ ಜಾಸ್ತಿ, ಗೊತ್ತು. ಅಡುಗೆ, ನೀರು, ಕಸ ಎಲ್ಲ ನಮ್ಮದೇ ಕೆಲಸ. ಆದರೂ ನನ್ನ ಆಯ್ಕೆ ಇದೇ. ಬಿಡುವ ಮಾತು ಮೊದಲೇ ಕಾಗದದಲ್ಲಿ ಬರೆಸಲು ಆಗುವುದು ಇಲ್ಲಿ ಮಾತ್ರ. ಗೇಟು ನಮ್ಮ ಕೈಯಲ್ಲಿ ಇರುವುದೂ ಇಲ್ಲಿ ಮಾತ್ರ.

ಅಕ್ಕನ ಮಗಳಿಗೆ ಹದಿನೆಂಟು. ಅವಳಿಗೆ ಮಾತ್ರ ಮೊದಲ ವರ್ಷ ಹಾಸ್ಟೆಲ್ ಎಂದೇ ಹೇಳಿದೆ. ಅಡುಗೆ ಮಾಡಿಕೊಂಡು, ಮಾಲೀಕರ ಜೊತೆ ಮಾತಾಡಿಕೊಂಡು ಓದುವ ವಯಸ್ಸಲ್ಲ ಅದು. ಮೊನ್ನೆ ಅವಳೂ ನಾನೂ ಹೋಗಿ ಅರ್ಜಿ ತಂದೆವು. ಹಿಂದಿನ ಪುಟವನ್ನು ಅವಳೇ ಜೋರಾಗಿ ಓದಿದಳು. ಗೇಟು ಎಂಟಕ್ಕೆ. ರೂಮ್ ಶುಲ್ಕ ಎರಡು ಕಂತಿನಲ್ಲಿ ಕಟ್ಟಬಹುದು ಎಂದು ಒಂಬತ್ತನೇ ನಿಯಮದಲ್ಲಿತ್ತು. ಕೌಂಟರಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಒಂದೇ ಕಂತು ಕಟ್ಟಿ ಬಂದೆವು. ರಸೀದಿಯ ಫೋಟೋ ನನ್ನ ಫೋನಿನಲ್ಲೂ ಇದೆ, ಮೂಲ ರಸೀದಿ ಜೇವರ್ಗಿಯಲ್ಲಿ ಅಕ್ಕನ ಹತ್ತಿರ.