‘ಆಕ್ಸೊಲಾಟಲ್ ಸ್ಪೆಷಲ್’ ಫೀಡರ್ ಮೀನು ಅಂತ ಕೊಟ್ಟರೆ ತಗೋಬೇಡಿ

ಆಕ್ಸೊಲಾಟಲ್ (ನೀರಲ್ಲೇ ಬದುಕುವ, ಕಪ್ಪೆಯ ಬಳಗದ ಪ್ರಾಣಿ) ಸಾಕಿರುವವರು ದಯವಿಟ್ಟು ಪೂರ್ತಿ ಓದಿ. ಅಂಗಡಿಯಲ್ಲಿ ಯಾರಾದರೂ ‘ಕ್ವಾರಂಟೈನ್ ಆಗಿದೆ’ ಅಂತ ಹೇಳಿ ಪುಟ್ಟ ಪುಟ್ಟ ಗೋಲ್ಡ್‌ಫಿಶ್ ಅನ್ನು ಫೀಡರ್, ಅಂದರೆ ಜೀವಂತ ಆಹಾರ ಅಂತ ಕವರಿಗೆ ಹಾಕಿ ಕೊಟ್ಟರೆ ತಗೋಬೇಡಿ. ಬೇಡವೇ ಬೇಡ. ನಮ್ಮ ಮನೆಯಲ್ಲಿ ಎರಡು ಆಕ್ಸೊಲಾಟಲ್ ಇದ್ದವು, ಕರಿಯ ಮತ್ತು ಬೆಳ್ಳಿ. ಕರಿಯ ಹೋಗಿಬಿಟ್ಟ. ಬೆಳ್ಳಿ ಇನ್ನೂ ಟಬ್‌ನಲ್ಲಿದ್ದಾಳೆ. ನನ್ನ ಸಿಟ್ಟು ಇಳಿದಿಲ್ಲ. ಬರೆಯುವುದು ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಬೇಸಿಗೆಯಲ್ಲಿ ಬೆಂಗಳೂರಲ್ಲಿ ಒಳ್ಳೆ ಎರೆಹುಳ ಸಿಗುವುದು ಎಷ್ಟು ಕಷ್ಟ ಅಂತ ಸಾಕುವವರಿಗೆ ಗೊತ್ತು. ನಾವು ತರುತ್ತಿದ್ದ ಎರೆಗೊಬ್ಬರದವರ ಹತ್ತಿರ ಹುಳ ಖಾಲಿ. ಪೆಲೆಟ್ ಹಾಕಿದರೆ ಕರಿಯ ಬಾಯಿಗೆ ಎಳೆದುಕೊಂಡು ಹಾಗೇ ಉಗಿಯುತ್ತಿದ್ದ. ಮರಿಗಳನ್ನು ತಂದ ಅಂಗಡಿಯಲ್ಲೇ ಕೇಳಿದೆ. ಲೈವ್ ಫೀಡರ್ ಹಾಕಿ ಮೇಡಂ, ಬೇಟೆಯಾಡಿ ತಿಂದರೆ ಚುರುಕಾಗಿರುತ್ತವೆ ಅಂದರು.

“ಅಣ್ಣಾ, ಫೀಡರ್ ಮೀನಿಂದ ರೋಗ ಬರುತ್ತಂತಲ್ಲಾ?” ಅಂತ ಕೇಳಿದೆ. ಕೇಳದೆ ತಂದಿಲ್ಲ.

“ಅಯ್ಯೋ, ಅದು ಬೇರೆ ಮೀನು ಮೇಡಂ. ಇದು ಆಕ್ಸೊಲಾಟಲ್ ಸ್ಪೆಷಲ್. ಒಂದು ತಿಂಗಳು ಬೇರೆ ಟ್ಯಾಂಕಲ್ಲಿ ಇಟ್ಟು, ಮೆಡಿಸಿನ್ ಕೊಟ್ಟು, ಆಮೇಲೇ ಮಾರೋದು.”

ಒಳಗಿನ ರೂಮಿಂದ ಕವರ್ ತಂದುಕೊಟ್ಟರು. ಒಂದು ಮೀನಿಗೆ 25 ರೂಪಾಯಿ. ಸ್ಪೆಷಲ್ ಅಲ್ವಾ, ಇರಲಿ ಅಂತ ಕೊಟ್ಟೆ.

ಮೊದಲು ಕಚ್ಚಿಸಿಕೊಂಡಿದ್ದು ಬೆಳ್ಳಿ. ಆಕ್ಸೊಲಾಟಲ್ ಹಗಲೆಲ್ಲಾ ಅಲ್ಲಾಡದೆ ತಳದಲ್ಲಿ ಮಲಗಿರುತ್ತದೆ. ತಲೆಯ ಎರಡೂ ಕಡೆ ಕಿವಿರಿನ ಕೆಂಪು ಕುಚ್ಚು ಮಾತ್ರ ಓಲಾಡುತ್ತಿರುತ್ತದೆ. ತಿನ್ನದೆ ಉಳಿದ ಗೋಲ್ಡ್‌ಫಿಶ್ ಹೋಗಿ ಅದನ್ನೇ ಕುಕ್ಕುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಎಡಗಡೆ ಕುಚ್ಚೆಲ್ಲಾ ಹೋಗಿ ಬರೀ ಕಡ್ಡಿ ಉಳಿದಿತ್ತು. ಮೀನನ್ನು ಅವತ್ತೇ ತೆಗೆದೆವು. ಕಿವಿರು ಮತ್ತೆ ಬೆಳೆಯುತ್ತದೆ, ಈ ಪ್ರಾಣಿಗೆ ಆ ಶಕ್ತಿ ಇದೆ. ಹಾಗಾಗಿ ಅಷ್ಟು ಹೆದರಿರಲಿಲ್ಲ.

ಆಮೇಲೆ ಕರಿಯನ ಕಿವಿರಿನ ಬುಡದಲ್ಲಿ ಒಂದು ಬಿಳಿ ದಾರ ಕಂಡಿತು. ಕಸ ಇರಬೇಕು ಅಂತ ಪೈಪೆಟ್‌ನಿಂದ ನೀರು ಊದಿದೆ. ಅಲ್ಲಾಡಿತು, ಬಿಡಲಿಲ್ಲ. ಟಾರ್ಚ್ ಹಾಕಿ ನೋಡಿದರೆ ದಾರದ ತುದಿಯಲ್ಲಿ ಎರಡು ಕವಲು, ಬುಡದ ಸುತ್ತ ಚರ್ಮ ಕೆಂಪಾಗಿ ಉಬ್ಬಿತ್ತು. ಆಂಕರ್ ವರ್ಮ್ ಅಂತ ಡಾಕ್ಟರ್ ಹೇಳಿದರು. ಆ ಕವಲುಗಳು ಮೊಟ್ಟೆಯ ಚೀಲ, ಅದರ ತಲೆ ಮಾಂಸದ ಒಳಗೆ ಕೊಕ್ಕೆ ಹಾಕಿಕೊಂಡಿರುತ್ತದಂತೆ. ಮೈಮೇಲೆ ಇನ್ನೂ ಕೆಲವು ಇದ್ದವು. ಚಿಮಟದಲ್ಲಿ ತೆಗೆದರು. ಆದರೆ ಗಾಯಕ್ಕೆ ಆಗಲೇ ಹತ್ತಿಯ ಹಾಗೆ ಫಂಗಸ್ ಹಿಡಿದಿತ್ತು. ಊಟ ಬಿಟ್ಟ. ಉಳಿಯಲಿಲ್ಲ.

ಅಂಗಡಿಗೆ ಫೋಟೋ ಕಳಿಸಿದೆ. ಬಂದ ಉತ್ತರ: “ನಿಮ್ಮ ನೀರು ಸರಿ ಇಲ್ಲ ಮೇಡಂ.” ಟೆಸ್ಟ್ ಕಿಟ್ ಫೋಟೋ ಕಳಿಸಿದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೀರು ತಂಪು ಮಾಡುವ ಚಿಲ್ಲರ್‌ನಲ್ಲಿ 18 ಡಿಗ್ರಿ. “ಹಾಗಾದ್ರೆ ಎರೆಹುಳದಿಂದ ಬಂದಿರುತ್ತೆ.” ಎರೆಹುಳದಿಂದ ಆಂಕರ್ ವರ್ಮ್! ಮೀನಿನ ಮೈಮೇಲೆ ಬೆಳೆಯುವ ಪರಾವಲಂಬಿ ಅದು. ಅದನ್ನು ಬರೆದು ಕಳಿಸಿದ ಮೇಲೆ ನೀಲಿ ಟಿಕ್ ಅಷ್ಟೇ, ಉತ್ತರ ಇಲ್ಲ.

ಅಂಗಡಿಗೇ ಹೋದೆ. ಮಾಲೀಕರು ಫೋನಲ್ಲಿದ್ದರು, ಕಾಯುತ್ತಾ ನಿಂತೆ. ಅಷ್ಟರಲ್ಲಿ ಒಬ್ಬರು ಬಂದು ತಮ್ಮ ಅರೋವಾನಾ ಮೀನಿಗೆ ಫೀಡರ್ ಕೇಳಿದರು. ಕೆಲಸದ ಹುಡುಗ ಒಳಗಿನ ರೂಮಿಗೆ ಹೋದ. ಬಾಗಿಲು ತೆರೆದೇ ಇತ್ತು. ಒಂದೇ ಟ್ಯಾಂಕ್. ನನಗೆ ಕೊಟ್ಟಿದ್ದೂ ಆ ರೂಮಿನ ಮೀನೇ. ನೀರು ಮಬ್ಬು, ಮೂಲೆಯಲ್ಲಿ ಸತ್ತ ಮೀನು ತೇಲುತ್ತಿವೆ, ಪಕ್ಕದಲ್ಲಿ ಚೆನ್ನೈನ ಕೊಳತ್ತೂರಿಂದ ಬಂದ ಆಕ್ಸಿಜನ್ ಪ್ಯಾಕ್ ಬಿಚ್ಚಿ ಅದೇ ನೀರಿಗೆ ಸುರಿದ ಖಾಲಿ ಕವರ್‌ಗಳು. ಅರೋವಾನಾದವರಿಗೆ ಒಂದಕ್ಕೆ 8 ರೂಪಾಯಿ. ಅದೇ ಬಲೆ, ಅದೇ ಟ್ಯಾಂಕ್, ಅದೇ ಮೀನು. ನನಗೆ 25. ಅಲ್ಲೇ ನಿಂತು ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು.

“ಇದೇನಾ ಅಣ್ಣಾ ನಿಮ್ಮ ಕ್ವಾರಂಟೈನ್?” ಅಂದೆ.

“ಫೀಡರ್ ಅಂದ್ರೆ ಸಾಯೋ ಮೀನೇ ಅಲ್ವಾ ಮೇಡಂ. ಅದಕ್ಕೆ ಯಾರು ಒಂದು ತಿಂಗಳು ಕ್ವಾರಂಟೈನ್ ಮಾಡ್ತಾರೆ?”

ಒಂದು ತಿಂಗಳು ಅಂತ ಬಾಯಿಬಿಟ್ಟು ಹೇಳಿದ್ದೇ ಅವರು! ಹಾಗೆ ಹೇಳೇ ಇಲ್ಲ ಅಂದರು. ದುಡ್ಡು ಕೇಳಿದರೆ, “ಲೈವ್ ಐಟಂಗೆ ಗ್ಯಾರಂಟಿ ಇಲ್ಲ, ಬಿಲ್ ಮೇಲೇ ಬರೆದಿರುತ್ತೆ.” ಬಿಲ್ ಕೊಟ್ಟೇ ಇಲ್ಲ. ಕೊನೆಗೆ ಸಮಾಧಾನಕ್ಕೆ ಅಂತ ಮೀನಿನ ವೈಟ್ ಸ್ಪಾಟ್ ರೋಗಕ್ಕೆ ಹಾಕುವ ಮ್ಯಾಲಕೈಟ್ ಗ್ರೀನ್ ಬಾಟಲಿ ಒಂದನ್ನು ಕೈಗಿಟ್ಟು, “ಉಳಿದಿರೋದಕ್ಕೆ ಇದು ಹಾಕಿ, ಫ್ರೀ” ಅಂದರು. ಆಕ್ಸೊಲಾಟಲ್ ಮೀನಲ್ಲ ಕಣ್ರೀ, ಕಪ್ಪೆಯ ಬಳಗ. ಅದರ ತೆಳು ಚರ್ಮ ನೀರಿಗೆ ಹಾಕಿದ್ದನ್ನೆಲ್ಲಾ ಒಳಗೆ ಎಳೆದುಕೊಳ್ಳುತ್ತದೆ. ಮೀನಿನ ಔಷಧಿಯೇ ಇದಕ್ಕೆ ವಿಷ ಆಗಬಹುದು. ನಾನು ಆ ಬಾಟಲಿ ಹಾಕಿದ್ದರೆ ಬೆಳ್ಳಿಯೂ ಹೋಗುತ್ತಿದ್ದಳೇನೋ. ಮರಿ ಮಾರುವವರಿಗೆ ಇಷ್ಟೂ ಗೊತ್ತಿರಬೇಡವೇ?

ಆಕ್ಸೊಲಾಟಲ್‌ಗಳ ಸ್ವಂತ ಊರಲ್ಲೂ ಮೀನೇ ಕಾಟ. ಮೆಕ್ಸಿಕೋ ಸಿಟಿಯ ಸೋಚಿಮಿಲ್ಕೋ ಕಾಲುವೆಗಳಿಗೆ ಹೊರಗಿಂದ ತಂದು ಬಿಟ್ಟ ಕಾರ್ಪ್, ಟಿಲಾಪಿಯಾ ಇವುಗಳ ಮೊಟ್ಟೆ, ಮರಿಗಳನ್ನೇ ತಿಂದು ಹಾಕಿದವು. ಕೊಳಕು ನೀರೂ ಸೇರಿಕೊಂಡಿತು. 1998ರಲ್ಲಿ ಚದರ ಕಿಲೋಮೀಟರಿಗೆ 6,000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಇಳಿದಿತ್ತು. ಕಾಡಿನಲ್ಲಿ ಇಷ್ಟು ಅಪರೂಪ ಆಗಿರುವ ಜೀವವನ್ನು ಇಲ್ಲಿ ಮಾರಿ, ಅದಕ್ಕೆ ಕೊಳೆತ ಟ್ಯಾಂಕಿನ ಮೀನು ತಿನ್ನಿಸುತ್ತಾರೆ.

ರೋಗ ಇಲ್ಲದಿದ್ದರೂ ಗೋಲ್ಡ್‌ಫಿಶ್ ಒಳ್ಳೆಯದಲ್ಲ. ಅದರಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇರುತ್ತದೆ, ಬಿ1 ವಿಟಮಿನ್ ಅನ್ನು ಹಾಳು ಮಾಡುತ್ತದೆ. ಎರೆಹುಳ ಸಿಗದಿದ್ದರೆ ಫ್ರೋಜನ್ ಬ್ಲಡ್‌ವರ್ಮ್ (ಕೀಟದ ಕೆಂಪು ಮರಿಹುಳ) ಹಾಕಿ ದಿನ ದೂಡಿ. ಮೀನೇ ಬೇಕೆಂದು ಹಠ ಇದ್ದರೆ ಮನೆಯಲ್ಲೇ ಗಪ್ಪಿ ಮರಿ ಮಾಡಿಸಿ. ‘ಸ್ಪೆಷಲ್’ ಅಂದವರಿಗೆ ಟ್ಯಾಂಕ್ ತೋರಿಸಿ ಅನ್ನಿ, ಕಣ್ಣೆದುರಿಗೇ ಬಲೆ ಹಾಕಿಸಿ. ಬಿಲ್ ಬಿಡಬೇಡಿ.

ಆಗಲೇ ಮೀನು ಬಿಟ್ಟಿದ್ದರೆ ಇವತ್ತೇ ತೆಗೆಯಿರಿ. ಕಿವಿರಿನ ಬುಡ, ಕಾಲಿನ ಸಂದು ಟಾರ್ಚ್ ಹಾಕಿ ನೋಡಿ. ದಾರ ಕಂಡರೆ ನೀವೇ ಎಳೆಯಬೇಡಿ. ಆಂಕರ್ ವರ್ಮ್‌ನ ತಲೆ ಒಳಗೇ ಮುರಿದು ಉಳಿದುಬಿಡುತ್ತದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.