ಗಾರ್ಡನ್‌ಗೆ ಕಂಚಿನ ಮೂರ್ತಿ ಮಾಡಿಸುವವರೇ, ಕಂತು ಕೊಡುವ ಮೊದಲು ಇದನ್ನು ಓದಿ

ಮುಲುಂಡ್, ಭಾಂಡುಪ್, ಠಾಣೆ ಕಡೆಯ ಕನ್ನಡದವರು ದಯವಿಟ್ಟು ಪೂರ್ತಿ ಓದಿ. ಎಲ್ಲ ಕಡೆ ರೀಡೆವಲಪ್‌ಮೆಂಟ್ ನಡೆದು ಹೊಸ ಗಾರ್ಡನ್‌ಗಳು ಬರುತ್ತಿವೆ. ಅಲ್ಲೊಂದು ಮೂರ್ತಿ ಇರಲಿ ಅಂತ ಎಲ್ಲರಿಗೂ ಆಸೆ. ನಮಗೂ ಇತ್ತು. 4.5 ಲಕ್ಷ ಕೊಟ್ಟ ಮೇಲೆ ನಮ್ಮ ಗಾರ್ಡನ್‌ನಲ್ಲಿ ನಿಂತಿರುವುದು ಕಂಚು ಅಲ್ಲ, ಬಣ್ಣ ಬಳಿದ ಫೈಬರ್, ಅಂದರೆ ಗಾಜಿನ ಎಳೆ ಸೇರಿಸಿದ ಪ್ಲಾಸ್ಟಿಕ್. ಬರೆಯುವಾಗಲೂ ಮೈ ಉರಿಯುತ್ತಿದೆ.

ಅಕ್ಕಪಕ್ಕದ ಸೊಸೈಟಿಗಳೆಲ್ಲ ಸೇರಿ ಆರ್‌ಜಿ ಪ್ಲಾಟಿನಲ್ಲಿ (ಆಟ, ವಿಹಾರಕ್ಕೆ ಬಿಟ್ಟ ಖಾಲಿ ಜಾಗ) ಗಾರ್ಡನ್ ಮಾಡಿದೆವು. ಹತ್ತಿರದಲ್ಲೇ ಠಾಣೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ಈ ಊರಿನ ಮೂಲದವರು ಮೀನು ಹಿಡಿಯುವ ಕೋಲಿ ಜನ, ಹಾಗಾಗಿ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತ ಕೋಲಿ ಹೆಂಗಸಿನ ಮೂರ್ತಿ, ಆಳೆತ್ತರದ್ದು ಅಂತ ತೀರ್ಮಾನವಾಯಿತು. ಮೂರು ಕೊಟೇಶನ್ ಬಂತು. ಅದರಲ್ಲಿ ಒಬ್ಬ ಕನ್ನಡದವನು. "ನಮ್ಮವರ ಹತ್ರ ಲಾಭ ನೋಡ್ತೀನಾ ಸಾರ್" ಅಂದ. ಕಾಗದದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದ: ಗನ್‌ಮೆಟಲ್ ಕಂಚು, 85-5-5-5, ಅಂದರೆ ತಾಮ್ರ 85 ಭಾಗ, ತವರ, ಸತು, ಸೀಸ ತಲಾ 5. ದಪ್ಪ 6 ಮಿಲಿಮೀಟರ್. ಒಟ್ಟು 5.5 ಲಕ್ಷ. ಕೆಲಸ ಅವನಿಗೇ ಕೊಟ್ಟೆವು.

ಮಣ್ಣಿನ ಮಾದರಿ ನೋಡಲು ಕರೆದ. ಹೋದೆವು. ನಿಜಕ್ಕೂ ಚೆನ್ನಾಗಿತ್ತು, ಸೀರೆಯ ಕಚ್ಚೆ, ಮೂಗಿನ ನತ್ತು ಎಲ್ಲ. ಒಪ್ಪಿಗೆ ಕೊಟ್ಟು ಎರಡನೇ ಕಂತು ಕೊಟ್ಟೆವು. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಫೋಟೊಗಳು ಬರತೊಡಗಿದವು. ಮೇಣದ ಅಚ್ಚು (ಲೋಹ ಹೊಯ್ಯುವ ಮೊದಲು ಮೇಣದಲ್ಲಿ ಮಾಡುವ ಮೂರ್ತಿ), ಕೆಂಪಗೆ ಕಾದ ಲೋಹ ಹೊಯ್ಯುವುದು, ಕೆಲಸದವರು. ಎರಕ ಹೊಯ್ಯುವ ದಿನ ನಾವು ಬರುತ್ತೇವೆ ಅಂದರೆ "ಫೌಂಡ್ರಿಯವರು ಹೊರಗಿನವರನ್ನ ಬಿಡಲ್ಲ ಸಾರ್, ಇನ್ಶೂರೆನ್ಸ್ ಪ್ರಾಬ್ಲಂ." ಆ ಫೋಟೊಗಳನ್ನು ಈಗ ತೆಗೆದು ನೋಡಿದರೆ ಒಂದರಲ್ಲೂ ಬುಟ್ಟಿ ಇಲ್ಲ. ಯಾರದೋ ಮೂರ್ತಿಯ ಫೋಟೊ ಕಳಿಸಿ ನಮ್ಮಿಂದ ಮೂರನೇ ಕಂತು ತೆಗೆದುಕೊಂಡಿದ್ದಾನೆ!

ಮೂರ್ತಿ ತಂದದ್ದು ಬೆಳಗಿನ ಜಾವ. "ಟ್ರಾಫಿಕ್ ಇರಲ್ಲ ಸಾರ್." ನಾವು ಕೆಳಗೆ ಇಳಿಯುವಷ್ಟರಲ್ಲಿ ಪೀಠದ ಮೇಲೆ ನಿಲ್ಲಿಸಿ ಬೋಲ್ಟ್ ಬಿಗಿದಾಗಿತ್ತು. ಕಮಿಟಿಯ ಹಿರಿಯರೊಬ್ಬರು "ಇದು ಕಂಚೇ ಅಂತ ಹೇಗೆ ಗೊತ್ತಾಗೋದು?" ಅಂತ ನೇರವಾಗಿ ಕೇಳಿದರು. ಅವನು ಜೇಬಿನಿಂದ ಮ್ಯಾಗ್ನೆಟ್ ತೆಗೆದು ಮೂರ್ತಿಯ ತೋಳಿಗೆ ಹಿಡಿದ. ಅಂಟಲಿಲ್ಲ. "ನೋಡಿ ಅಂಕಲ್, ಕಬ್ಬಿಣ ಆಗಿದ್ರೆ ಹಿಡೀತಿತ್ತು. ಅಪ್ಪಟ ಕಂಚು." ಎಲ್ಲರೂ ತಲೆಯಾಡಿಸಿದರು, ಚಪ್ಪಾಳೆಯೂ ಬಿತ್ತು. ಮ್ಯಾಗ್ನೆಟ್ ಕಂಚಿಗೂ ಅಂಟುವುದಿಲ್ಲ, ಪ್ಲಾಸ್ಟಿಕ್ಕಿಗೂ ಅಂಟುವುದಿಲ್ಲ! ಅದು ಅವನಿಗೆ ಗೊತ್ತು, ಗೊತ್ತಿದ್ದೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ. ವಯಸ್ಸಾದವರನ್ನು ಎಲ್ಲರ ಮುಂದೆ ಹಾಗೆ ಆಟ ಆಡಿಸಿದನಲ್ಲ, ನನಗೆ ಅದನ್ನು ಮರೆಯಲು ಆಗುತ್ತಿಲ್ಲ. ದುಡ್ಡಿಗಿಂತ ಜಾಸ್ತಿ ಅದು.

ಮಕ್ಕಳ ಬಾಲ್ ತಗುಲಿ ಬುಟ್ಟಿಯ ಅಂಚು ಚೂರು ಎದ್ದು ಬಂತು. ಸ್ಟೂಲ್ ಹಾಕಿ ಹತ್ತಿ ನೋಡಿದೆ. ಮೇಲೆ ಕಂದು ಬಣ್ಣದ ತೆಳು ಪದರ, ಅದರ ಕೆಳಗೆ ಬಿಳಿ. ಆ ಬಿಳಿಯಲ್ಲಿ ಕೂದಲಿನಂಥ ಗಾಜಿನ ಎಳೆಗಳು. ಮುಟ್ಟಿದರೆ ಬೆರಳಿಗೆ ಚುಚ್ಚಿತು. ಬೀಗದ ಕೈಯಿಂದ ಬೆನ್ನಿಗೆ ಬಡಿದೆ, ಠಣ್ ಅನ್ನಲಿಲ್ಲ, ಠಪ್ ಠಪ್ ಅಂತಷ್ಟೇ ಕೇಳಿಸಿತು. ವಾಚ್‌ಮನ್ ಆಗ ಹೇಳಿದ, ಆ ದಿನ ಟೆಂಪೋದಿಂದ ಇಬ್ಬರೇ ಸಲೀಸಾಗಿ ಎತ್ತಿ ಇಳಿಸಿದರು ಅಂತ. ಆಳೆತ್ತರದ ಕಂಚಿನ ಮೂರ್ತಿ ಒಳಗೆ ಟೊಳ್ಳಿದ್ದರೂ ನೂರು ಕಿಲೋ ದಾಟುತ್ತದೆ.

ಮೂರ್ತಿ ಮಾಡಿದವನಿಗೆ ಫೋನ್ ಮಾಡಿದೆ. ಮೊದಲು, "ಅದು ಮೇಲಿನ ಪಾಲಿಶ್ ಸಾರ್, ಒಳಗೆ ಕಂಚೇ." ಫೋಟೊ ಕಳಿಸಿದ ಮೇಲೆ, "ಬುಟ್ಟಿ ಮಾತ್ರ ಫೈಬರ್, ತಲೆ ಮೇಲೆ ಭಾರ ಬೇಡ ಅಂತ ನಿಮ್ಮ ಒಳ್ಳೇದಕ್ಕೇ ಮಾಡಿದ್ದು." ಬೆನ್ನಿಗೂ ರಂಧ್ರ ಹಾಕಿ ನೋಡ್ತೀವಿ ಅಂದಾಗ ದನಿ ಬದಲಾಯಿತು. "ಈ ರೇಟಿಗೆ ಯಾರು ಕಂಚು ಕೊಡ್ತಾರೆ? ನೋಡೋರಿಗೆ ಗೊತ್ತಾಗುತ್ತಾ? ಸುಮ್ನೆ ದೊಡ್ಡದು ಮಾಡ್ತೀರಿ." ಕೊನೆಗೆ, "ನಾನೂ ಕನ್ನಡದವನೇ, ನಮ್ಮವರ ಮಾನ ನೀವೇ ತೆಗೀತೀರಾ?" ಇದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಮೋಸ ಮಾಡಿದವನು ಅವನು, ಮಾನ ಕಾಪಾಡಬೇಕಾದವರು ನಾವು!

ಬೋಲ್ಟ್ ಕಥೆಯೂ ಅದೇ. ಸಾದಾ ಕಬ್ಬಿಣದ್ದು, ಖಾಡಿಯ ಉಪ್ಪು ಗಾಳಿಗೆ ಆಗಲೇ ಕೆಂಪಗಾಗಿವೆ. ಮಾಲ್ವಣದ ರಾಜಕೋಟ್ ಕೋಟೆಯ 35 ಅಡಿ ಶಿವಾಜಿ ಪ್ರತಿಮೆ ನೆನಪಿದೆ ಅಲ್ವಾ? 2023ರ ಡಿಸೆಂಬರ್ 4ರಂದು ಅನಾವರಣ, 2024ರ ಆಗಸ್ಟ್ 26ರಂದು ನೆಲಕ್ಕೆ. ನಟ್-ಬೋಲ್ಟ್ ತುಕ್ಕು ಹಿಡಿದಿದೆ ಅಂತ ಲೋಕೋಪಯೋಗಿ ಇಲಾಖೆ ಕೆಲವೇ ದಿನ ಮೊದಲು ಪತ್ರ ಬರೆದಿತ್ತು. ನಮ್ಮ ಮೂರ್ತಿಯ ಕೆಳಗೆ ಇಡೀ ದಿನ ಮಕ್ಕಳು ಆಡುತ್ತಿರುತ್ತಾರೆ. ಈಗ ಸುತ್ತ ಹಗ್ಗ ಕಟ್ಟಿದ್ದೇವೆ.

ಮಾಡಿಸುವವರು ಇಷ್ಟು ಮಾಡಿ. ಮೇಣದ ಅಚ್ಚನ್ನು ಕಣ್ಣಾರೆ ನೋಡಿ, ಎರಕದ ದಿನ ನಿಮ್ಮಲ್ಲೊಬ್ಬರು ಫೌಂಡ್ರಿಯಲ್ಲಿ ಇರಲಿ. ಬಿಡಲ್ಲ ಅಂದರೆ ಕಂತೂ ಇಲ್ಲ. ಇಳಿಸುವ ಮೊದಲು ವೇ ಬ್ರಿಡ್ಜ್‌ನಲ್ಲಿ (ಗಾಡಿ ಸಮೇತ ತೂಗುವ ತಕ್ಕಡಿ) ತೂಕ ಮಾಡಿಸಿ, ಲ್ಯಾಬಿನ ಲೋಹ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಬಾಕಿ ಕೊಡಿ. ಸಮುದ್ರದ ಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಅಂತ ಆರ್ಡರ್‌ನಲ್ಲೇ ಬರೆಸಿ. ನಮ್ಮವನು ಅನ್ನುವ ಮಾತಿಗೆ ಒಂದು ರೂಪಾಯಿ ಬೆಲೆಯನ್ನೂ ಕೊಡಬೇಡಿ.

ದುಡ್ಡೆಲ್ಲ ಚೆಕ್‌ನಲ್ಲಿ ಹೋಗಿದೆ, ಮೆಸೇಜುಗಳೂ ಇವೆ. ವಕೀಲರ ನೋಟಿಸ್ ಕಳಿಸಿದ್ದೇವೆ: ಮೂರ್ತಿ ಬಿಚ್ಚಿಕೊಂಡು ಹೋಗು, 4.5 ಲಕ್ಷ ವಾಪಸ್ ಕೊಡು. ಅವನು ಉಳಿದ 1 ಲಕ್ಷ ಯಾವಾಗ ಕೊಡ್ತೀರಿ ಅಂತ ಈಗಲೂ ಫೋನ್ ಮಾಡುತ್ತಾನೆ! ಇದೇ ಮ್ಯಾಗ್ನೆಟ್ ಆಟ ನಿಮ್ಮ ಗಾರ್ಡನ್‌ನಲ್ಲೂ ನಡೆದಿದ್ದರೆ ಕೊಟೇಶನ್, ಚೆಕ್ ವಿವರ ತೆಗೆದಿಟ್ಟುಕೊಳ್ಳಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು ಇದೆ. ನಾಚಿಕೆಯಿಂದ ಸುಮ್ನೆ ಕೂತು ಅದನ್ನು ಕಳೆದುಕೊಳ್ಳಬೇಡಿ.