ನಂಬರ್ ಪ್ಲೇಟಿನ ನಾಲ್ಕು ಅಕ್ಷರಕ್ಕೆ ಪದ ಹುಡುಕಲು ಐದು ದಾರಿ

ನಮ್ಮ ಮನೆಯಲ್ಲಿ ಒಂದು ಆಟ ಇದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾರು ನಿಂತಾಗ ಮುಂದಿನ ಗಾಡಿಯ ನಂಬರ್ ಪ್ಲೇಟ್ ನೋಡುತ್ತೇವೆ. ಕೆ, ಎ ಹೇಗೂ ಇರುತ್ತವೆ. ಅಂಕಿಗಳ ನಡುವಿನ ಎರಡು ಅಕ್ಷರ ಸೇರಿಸಿದರೆ ನಾಲ್ಕಾಯಿತು. ಈ ನಾಲ್ಕೂ ಇರುವ ಇಂಗ್ಲಿಷ್ ಪದ ಹೇಳಬೇಕು, ಕ್ರಮ ಹೇಗಿದ್ದರೂ ಸರಿ. ನನಗೂ ಮಗಳಿಗೂ ಗೊತ್ತಿಲ್ಲದ ಪದ ಹುಡುಕಿ ತಂದರೆ ಐದು ಅಂಕ.

ಎಂ, ಝಡ್ ಬಂದ ದಿನ ಮಗಳು ಥಟ್ಟನೆ ಕಾಮಿಕಾಝಿ ಅಂದಳು. ನಾನು ಮಝುರ್ಕಾ ಅಂದೆ, ಪೋಲೆಂಡಿನ ಕುಣಿತ ಅದು. ಎಂ, ಕ್ಯೂ ಬಂದ ದಿನ ಮಾತ್ರ ಇಬ್ಬರ ಬಾಯೂ ಕಟ್ಟಿತು. ಕೆ, ಎ, ಎಂ, ಕ್ಯೂ. ಈ ನಾಲ್ಕಕ್ಕಾಗಿ ಐದು ದಾರಿ ಹಿಡಿದು ನೋಡಿದೆ.

ಮೊದಲು ಕಪಾಟಿನಲ್ಲಿದ್ದ ದಪ್ಪ ಚೇಂಬರ್ಸ್ ಡಿಕ್ಷನರಿ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಬ್ರಿಟನ್ನಿನ ಆಟಗಾರರು ಎಷ್ಟೋ ವರ್ಷ ಇದನ್ನೇ ನೆಚ್ಚಿಕೊಂಡಿದ್ದರು. ಆದರೆ ಅಚ್ಚಾದ ಡಿಕ್ಷನರಿಗೆ ಒಂದೇ ಬಾಗಿಲು, ಪದದ ಮೊದಲ ಅಕ್ಷರ. ನನಗೆ ಗೊತ್ತಿದ್ದದ್ದು ಪದದ ಹೊಟ್ಟೆಯಲ್ಲಿರುವ ಅಕ್ಷರಗಳು. ಕ್ಯೂ ವಿಭಾಗ ಚಿಕ್ಕದು ಅಂತ ಅದನ್ನೇ ಪೂರ್ತಿ ಓದಿದೆ. ಮುಕ್ಕಾಲು ಗಂಟೆ ಹೋಯಿತು, ಕೈಗೆ ಪದ ಸಿಗಲಿಲ್ಲ. ಆದರೆ ನಕಲಿ ವೈದ್ಯನಿಗೆ ಕ್ವ್ಯಾಕ್ ಅನ್ನುವುದು ಕ್ವ್ಯಾಕ್‌ಸಾಲ್ವರ್ ಎಂಬ ಡಚ್ ಮೂಲದ ಪದದ ತುಂಡು ಅಂತ ಗೊತ್ತಾಯಿತು. ಬಾತುಕೋಳಿಯ ಕೂಗಿಂದ ಬಂದದ್ದು ಅಂದುಕೊಂಡಿದ್ದೆ.

ಎರಡನೆಯದು ಎಐ ಚಾಟ್‌ಬಾಟ್. ಇದಕ್ಕೆ ಹೆಚ್ಚು ಸಮಯ ಕೊಡಬೇಡಿ. ಮೊದಲು ಕ್ವಾಗ್‌ಮೈರ್ ಅಂತ ಕೊಟ್ಟಿತು. ಅದರಲ್ಲಿ ಕೆ ಎಲ್ಲಿದೆ ಅಂತ ಕೇಳಿದರೆ ಕ್ಷಮೆ ಕೇಳಿ ಮಾಸ್ಕರೇಡ್ ಅಂದಿತು. ಅದರಲ್ಲೂ ಕೆ ಇಲ್ಲ. ಇಂಥ ಮಾಡೆಲ್‌ಗಳು ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಓದುತ್ತವೆ, ಒಂದೊಂದೇ ಅಕ್ಷರವಾಗಿ ಅಲ್ಲ. ಅಕ್ಷರ ಎಣಿಸುವ ಕೆಲಸದಲ್ಲಿ ಅವು ಎಡವುವುದು ಅದಕ್ಕೇ. ಪದ ಸಿಕ್ಕ ಮೇಲೆ ಅರ್ಥ ವಿವರಿಸಲು ಚೆನ್ನಾಗಿದೆ, ಹುಡುಕಲು ಅಲ್ಲ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಗ್ರೆಪ್. ಫೈಲಿನೊಳಗೆ ನಾವು ಕೇಳಿದ ಅಕ್ಷರ ಇರುವ ಸಾಲುಗಳನ್ನು ಹೆಕ್ಕಿ ಕೊಡುವ ಕಮಾಂಡ್ ಅದು. ಮ್ಯಾಕ್ ಕಂಪ್ಯೂಟರಿನೊಳಗೆ ಸುಮಾರು 2.35 ಲಕ್ಷ ಪದಗಳ ಒಂದು ಫೈಲ್ ಮೊದಲೇ ಇರುತ್ತದೆ. 1934ರ ವೆಬ್‌ಸ್ಟರ್ ಡಿಕ್ಷನರಿಯಿಂದ ತೆಗೆದ ಪಟ್ಟಿ ಅದು. ಕಮಾಂಡ್ ಟೈಪ್ ಮಾಡುವ ಕಿಟಕಿ ಟರ್ಮಿನಲ್ ತೆರೆದು, ಕ್ಯೂ ಇರುವ ಸಾಲು ಮಾತ್ರ ಕೊಡು ಅನ್ನಬೇಕು. ಬಂದದ್ದನ್ನು ಪೈಪ್ ಅನ್ನುವ ನಿಂತ ಗೆರೆಯ ಗುರುತಿನ ಮೂಲಕ ಇನ್ನೊಂದು ಗ್ರೆಪ್‌ಗೆ ಕೊಟ್ಟು ಕೆ ಕೇಳಬೇಕು. ಆಮೇಲೆ ಎಂ, ಆಮೇಲೆ ಎ. ಜರಡಿ ಮೇಲೆ ಜರಡಿ ಇಟ್ಟು ರಾಗಿ ಹಿಟ್ಟು ಜಾಲಿಸಿದ ಹಾಗೆ. ಒಂದು ಸೆಕೆಂಡೂ ಹಿಡಿಯುವುದಿಲ್ಲ. ಕ್ವ್ಯಾಕಿಸಂ ಬಂತು. ಡಿಕ್ಷನರಿ ಓದಿ ಬಂದಿದ್ದ ನನಗೆ ಅದರ ಅರ್ಥ ತಕ್ಷಣ ಹೊಳೆಯಿತು, ನಕಲಿ ವೈದ್ಯಗಾರಿಕೆ!

ಇಲ್ಲಿ ಎರಡು ಕಡೆ ಹುಷಾರಾಗಿರಬೇಕು. ಗ್ರೆಪ್ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆ ಬೇರೆ ಅಂತ ನೋಡುತ್ತದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಸರಿಂದ ಬಂದ ಕ್ವೇಕರಿಸಂ ಫೈಲ್‌ನಲ್ಲಿದ್ದರೂ ಮೊದಲ ಸಲ ನನಗೆ ಬರಲಿಲ್ಲ, ಅದರ ಕ್ಯೂ ದೊಡ್ಡಕ್ಷರ. ಆ ಭೇದ ಬೇಡ ಅನ್ನುವ ಮೈನಸ್ ಐ ಗುರುತು ಹಾಕಿದ ಮೇಲೆ ಬಂತು. ಇನ್ನೊಂದು, ಒಂದೇ ಅಕ್ಷರ ಎರಡು ಸಲ ಬೇಕಾದಾಗ. ಕೆಎ ಜೊತೆಗೆ ಎಕೆ ಬಂದರೆ ಎರಡು ಕೆ, ಎರಡು ಎ ಬೇಕು. ಕೆ ಅಂತ ಎರಡು ಬಾರಿ ಜರಡಿ ಹಿಡಿದರೆ ಒಂದೇ ಕೆ ಇರುವ ಪದವೂ ಎರಡರಲ್ಲೂ ಪಾಸಾಗುತ್ತದೆ. ಕೆ, ಚುಕ್ಕಿ, ನಕ್ಷತ್ರ, ಕೆ ಅಂತ ಒಟ್ಟಿಗೆ ಬರೆಯಬೇಕು, ಎರಡು ಕೆ ನಡುವೆ ಏನು ಬೇಕಾದರೂ ಇರಲಿ ಅಂತ ಅರ್ಥ. ಎಗೂ ಹಾಗೇ. ಆಗ ಕಯಾಕ್ ಥರದ ಪದ ಮಾತ್ರ ಉಳಿಯುತ್ತದೆ. ಹಾರಲಾರದ ನ್ಯೂಜಿಲೆಂಡ್ ಗಿಳಿ ಕಾಕಪೋ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ.

ನಾಲ್ಕನೆಯದು ಝಿಝಿವಾ. ಸ್ಕ್ರ್ಯಾಬಲ್ ಆಟಗಾರರು ಅಭ್ಯಾಸಕ್ಕೆ ಬಳಸುವ ಸಾಫ್ಟ್‌ವೇರ್. ಹೆಸರು ದಕ್ಷಿಣ ಅಮೆರಿಕದ ಒಂದು ಹುಳದ್ದು. ಇದರಲ್ಲಿ ಈ ಅಕ್ಷರಗಳು ಇರಬೇಕು ಅಂತ ಹೇಳಲು ಒಂದು ಖಾನೆಯೇ ಇದೆ. ನಾನು ಬಳಸಿದ್ದು ಕಾಲಿನ್ಸ್ ಡಿಕ್ಷನರಿಯವರ ಸ್ಕ್ರ್ಯಾಬಲ್ ಪಟ್ಟಿ ಇರುವ ಆವೃತ್ತಿ. 2019ರ ಆ ಪಟ್ಟಿಯಲ್ಲಿ 2,79,496 ಪದಗಳಿವೆ. ಯು ಇಲ್ಲದ ಕ್ಯೂ ಪದಗಳಿಗೆ ಇದನ್ನು ಮೀರಿಸುವುದು ಕಷ್ಟ. ಖವ್ವಾಲಿ, ಕೋರ್ಮಾ, ಪರ್ಷಿಯನ್ನರ ಲೇಖನಿ ಪೆಟ್ಟಿಗೆ ಕಲಮ್‌ದಾನ್, ಎಲ್ಲವೂ ಅಲ್ಲಿ ಕ್ಯೂನಿಂದಲೇ ಶುರು. ನನ್ನ ನಾಲ್ಕು ಅಕ್ಷರಕ್ಕೆ ಸಿಕ್ಕಿದ್ದು ಕಮೂಟಿಕ್, ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರ ಹಿಮಗಾಡಿ. ಪದ ಅಂದರೆ ಇದು ಅಲ್ವಾ! ಆದರೆ ಊರು, ವ್ಯಕ್ತಿಗಳ ಹೆಸರಿಗೆ, ಹೈಫನ್ ಪದಕ್ಕೆ, 15 ಅಕ್ಷರ ದಾಟಿದ್ದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅರ್ಥವೂ ತೀರ ಚುಟುಕು.

ಕೊನೆಯದು ಒನ್‌ಲುಕ್. ತುಂಬ ಡಿಕ್ಷನರಿಗಳಲ್ಲಿ ಒಟ್ಟಿಗೆ ಹುಡುಕುವ ವೆಬ್‌ಸೈಟ್, ಫೋನಿನಲ್ಲೇ ಆಗುತ್ತದೆ. ನಕ್ಷತ್ರ ಹಾಕಿದರೆ ಅಲ್ಲಿ ಎಷ್ಟು ಅಕ್ಷರ ಬೇಕಾದರೂ ಇರಬಹುದು ಅಂತ ಅರ್ಥ. ನಾನು ಮೊದಲು ನಾಲ್ಕೂ ಅಕ್ಷರ ಒಂದೇ ಸಾಲಲ್ಲಿ ಬರೆದೆ. ಆಗ ಕ್ರಮವೂ ಹೊಂದಬೇಕಾಗುತ್ತದೆ. ನಾಲ್ಕು ಅಕ್ಷರಕ್ಕೆ 24 ಕ್ರಮ, ಅಷ್ಟೂ ಸಲ ಹುಡುಕುವುದು ಯಾರಿಗೆ ಬೇಕು? ಆಮೇಲೆ ಗೊತ್ತಾಯಿತು, ಒಂದೊಂದು ಅಕ್ಷರದ ಎರಡೂ ಬದಿಗೆ ನಕ್ಷತ್ರ ಇಟ್ಟು, ನಡುವೆ ಕಾಮಾ ಹಾಕಿದರೆ ಸಾಕು. ಕ್ರಮದ ಗೊಡವೆ ಇಲ್ಲ. ಊರಿನ ಹೆಸರು, ಕಂಪನಿ ಹೆಸರು ಅಂತ ಬೇಡದ್ದೂ ಜಾಸ್ತಿ ಬರುತ್ತದೆ. ಆ ರಾಶಿಯಲ್ಲಿ ಮೂನ್‌ಕ್ವೇಕ್ ಇತ್ತು, ಚಂದ್ರನ ಕಂಪನ. ಮಾರ್ಸ್‌ಕ್ವೇಕ್ ಕೂಡ. 1934ರ ಪಟ್ಟಿಯಲ್ಲಿ ಮಂಗಳನ ಕಂಪನ ಹೇಗೆ ಇದ್ದೀತು? ಮಂಗಳನ ಮೇಲಿಳಿದ ನಾಸಾದ ಇನ್‌ಸೈಟ್ ನೌಕೆಗೆ ಅದು ಮೊದಲು ಕೇಳಿಸಿದ್ದೇ 2019ರ ಏಪ್ರಿಲ್‌ನಲ್ಲಿ.

ಮೂನ್‌ಕ್ವೇಕ್ ನೋಡಿ ಮಗಳು ಕುಣಿದಳು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನಲ್ಲಿದ್ದ, ಕಂಪನ ಅಳೆಯುವ ಇಲ್ಸಾ ಉಪಕರಣ 2023ರ ಆಗಸ್ಟ್ 26ರಂದು ಸಹಜ ಅನ್ನಿಸುವಂಥ ಒಂದು ಕಂಪನ ದಾಖಲಿಸಿತ್ತು. ಆ ಉಪಕರಣ ರೂಪಿಸಿದ್ದು ನಮ್ಮ ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್. ಕರ್ನಾಟಕದ ಒಂದು ನಂಬರ್ ಪ್ಲೇಟಿನಿಂದ ಹೊರಟು ಅಲ್ಲಿಗೆ ಮುಟ್ಟಿದೆವು.

ಈಗ ನನ್ನ ಅಭ್ಯಾಸ ಹೀಗಾಗಿದೆ. ರಸ್ತೆಯಲ್ಲಿದ್ದರೆ ಒನ್‌ಲುಕ್. ಮನೆಯಲ್ಲಿದ್ದರೆ ಗ್ರೆಪ್, ಅದು ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಜರಡಿ ನನ್ನ ಕೈಯಲ್ಲೇ ಇರುತ್ತದೆ. ತೀರ ಅಪರೂಪದ ಪದ ಬೇಕಾದರೆ ಝಿಝಿವಾ. ಯಾವುದರಲ್ಲಿ ಸಿಕ್ಕರೂ ಆಮೇಲೆ ಚೇಂಬರ್ಸ್ ತೆರೆಯುತ್ತೇನೆ. ಅರ್ಥ ಹೇಳಲಾಗದ ಪದಕ್ಕೆ ಐದು ಅಂಕ ಇಲ್ಲ ಅನ್ನುವುದು ನಮ್ಮ ಹೊಸ ನಿಯಮ.

ನಿನ್ನೆ ಜೆ, ಎಕ್ಸ್ ಬಂತು. ಒನ್‌ಲುಕ್ ಕೊಟ್ಟದ್ದು ಜ್ಯಾಕ್-ಇನ್-ದ-ಬಾಕ್ಸ್, ಮುಚ್ಚಳ ತೆಗೆದರೆ ಗೊಂಬೆ ಜಿಗಿಯುವ ಪೆಟ್ಟಿಗೆ. ಹೈಫನ್ ಇರುವುದು ಒಂದು ಪದವೇ ಅಲ್ಲ ಅಂತ ಮಗಳ ವಾದ. ಆ ಅಂಕ ಇನ್ನೂ ಬಾಕಿ ಇದೆ.